ಇನ್ನೊಮ್ಮೆ ಆರಿಸುವುದು

ಮಡಿಕೇರಿಯ ಸ್ಕ್ಯಾನಿಂಗ್ ಸೆಂಟರಿನಲ್ಲಿ ಮಂಗಳವಾರ,
ಟೋಕನ್ ಹನ್ನೊಂದು: ಬೀಪಾತುಮ್ಮ, ಅರವತ್ತೇಳು, ಕುಶಾಲನಗರ.
ಚೀಟಿಯಲ್ಲಿ ಡಾಕ್ಟರ ಅಕ್ಷರ: ಪಾರ್ಕಿನ್ಸನ್?
ಮಾತ್ರೆಗೆ ಜಗ್ಗಿಲ್ಲ.

ನಡುಕವೇ ಇಲ್ಲ. ಕೈ ಎರಡೂ ಮಡಿಲಲ್ಲಿ
ಇಸ್ತ್ರಿ ಮಾಡಿಟ್ಟ ಬಟ್ಟೆಯ ಹಾಗೆ.
ಬೀಳುತ್ತಾರೆ, ಅಷ್ಟೆ. ಹಿಂದಕ್ಕೆ,
ಬೆನ್ನ ಹಿಂದೆ ಯಾರೋ ಹೆಸರು ಹಿಡಿದು ಎಳೆದಂತೆ.
ಎರಡು ವರ್ಷದಲ್ಲಿ ಹದಿನಾಲ್ಕು ಸಲ. ಸೊಸೆ ಗುರುತು ಹಾಕಿದ್ದಾಳೆ
ಹಾಲಿನ ಲೆಕ್ಕದ ಕ್ಯಾಲೆಂಡರಿನಲ್ಲೇ.

"ಕಾಪಿ ಬೀಜ ಆರಿಸ್ತಿದ್ದೆ ಮೋನೆ, ಮೂವತ್ತೊಂದು ವರ್ಷ.
ಈಗ ಕಣ್ಣು ಕೆಳಗೆ ಇಳಿಯೋದಿಲ್ಲ.
ತಟ್ಟೆಯಲ್ಲಿ ಏನಿದೆ ಅಂತ ಬೆರಳಿಗೇ ಕೇಳ್ತೇನೆ."

ಸುರಂಗದೊಳಗೆ ಕಳಿಸಿದೆ. ಅದು ಇಪ್ಪತ್ತು ನಿಮಿಷ ಬಡಿಯಿತು.
ಹೊರಬಂದು ಅಂದರು: ನಮ್ಮ ಹಲ್ಲರು ಇದಕ್ಕಿಂತ ಜೋರು.

ಮೊದಲೆಲ್ಲ ಪರದೆಯ ಮೇಲೆ ಗೆರೆ ಎಳೆದು
ನಡುಮಿದುಳನ್ನು ಕೈಯಾರೆ ಅಳೆಯುತ್ತಿದ್ದೆವು,
ಡಾಕ್ಟರದೊಂದು ಗೆರೆ, ನನ್ನದೊಂದು, ಎರಡೂ ಕೂಡಿದ್ದು ಕಡಿಮೆ.
ಈಗ ತಂತ್ರಾಂಶ ನಲವತ್ತು ಸೆಕೆಂಡಿನಲ್ಲಿ
ಹಸಿರು ಹಚ್ಚುತ್ತದೆ, ಕೇಸರಿ ಹಚ್ಚುತ್ತದೆ, ಭಾಗಿಸುತ್ತದೆ.
ಕೆಳಗಿನ ಸೇತು ಗಟ್ಟಿ ಇದೆ.
ಮೇಲಿನ ದಿಬ್ಬ ಜರಿದಿದೆ.
ಹೀಗೆ ಸವೆದ ಮಿದುಳಿಗೆ ಪಠ್ಯದಲ್ಲಿ ಒಂದು ಹಕ್ಕಿಯ ಹೆಸರು,
ಗಾಳಿಯಲ್ಲಿ ನಿಂತೇ ಮಧು ಹೀರುವ, ನಮ್ಮ ಕಾಡಿಗೆ ಬಾರದ ಹಕ್ಕಿ.
ಯಂತ್ರಕ್ಕೆ ಹಕ್ಕಿ ಬೇಕಿಲ್ಲ. ಅದು ಹೇಳಿದ್ದು ಇಷ್ಟು:
ಪಾರ್ಕಿನ್ಸನ್ ಅಲ್ಲ, ಅದರ ದಾಯಾದಿ.
ಶೇಕಡಾ ತೊಂಬತ್ತೊಂದು.

"ಮಿಷನ್ ಹೇಳಿತಾ?"
ಹೌದು ಉಮ್ಮ.
"ನಮ್ಮ ಕ್ಯೂರಿಂಗ್ ವರ್ಕ್ಸಿಗೂ ಬಂದಿತ್ತು, ಬಣ್ಣ ನೋಡುವಂಥದ್ದು.
ಕಪ್ಪು ಬೀಜ ಕಂಡ್ರೆ ಉಫ್ ಅಂತ ಊದಿ ಆಚೆಗೆ ಹಾಕೋದು.
ಅರವತ್ತು ಹೆಂಗಸರಲ್ಲಿ ನಾಲ್ಕು ಜನರನ್ನ ಉಳಿಸಿಕೊಂಡ್ರು,
ಅದು ಎಸೆದದ್ದನ್ನ ಇನ್ನೊಮ್ಮೆ ಆರಿಸೋಕೆ.
ದಿನಕ್ಕೆ ಒಂದು ಸೇರು ಒಳ್ಳೇ ಬೀಜ ಸಿಗ್ತಿತ್ತು ಮೋನೆ.
ಬೆಳಕು ಓರೆಯಾಗಿ ಬಿದ್ದದ್ದಷ್ಟೇ ಅವುಗಳ ತಪ್ಪು.
ಇದು ಹೇಳಿದ್ದನ್ನ ಆರಿಸೋದು ಯಾರು?"

ಮೈಸೂರಿನ ಡಾಕ್ಟರು, ಅಂದೆ. ಸಂಜೆ ನೋಡ್ತಾರೆ.
ಬಾಗಿಲಲ್ಲಿ ಹೊಸ್ತಿಲು ಕಾಣದೆ ನೀವು ಎಡವಿದಾಗಲೇ
ನನಗೆ ಅರ್ಧ ಗೊತ್ತಾಗಿತ್ತು, ಅನ್ನಲಿಲ್ಲ.

ಏಳೂವರೆಗೆ ಅವರು ಒಂದೊಂದೇ ಪದರ ತಿರುವಿದರು.
ನಾನು ಫೋನು ಹಿಡಿದೇ ನಿಂತಿದ್ದೆ,
ಆ ಉಳಿದ ಒಂಬತ್ತನ್ನು ಮುಷ್ಟಿಯಲ್ಲಿಟ್ಟುಕೊಂಡು.
"ಸರಿಯಾಗೇ ಹೇಳಿದೆಯಪ್ಪಾ," ಅಂದರು.
ಈ ಸಲದ ರಾಶಿಯಲ್ಲಿ
ಒಳ್ಳೇ ಬೀಜ ಇರಲಿಲ್ಲ.

ಅಷ್ಟರಲ್ಲಿ ಅವರ ಬಸ್ಸು ಸುಂಟಿಕೊಪ್ಪ ದಾಟಿರಬೇಕು,
ಕಿಟಕಿಯ ಪಕ್ಕದಲ್ಲಿ ಬೀಪಾತುಮ್ಮ ನೇರ ಮುಂದಕ್ಕೇ ನೋಡುತ್ತ.
ಸೊಸೆಯ ಕೈಯ ಲಕೋಟೆಯ ಹಿಂಬದಿಗೆ
ಹೊರಡುವಾಗ ಪೆನ್ನಿನಲ್ಲಿ ಗೀಚಿಕೊಟ್ಟಿದ್ದೆ:
ಊಟದ ತಟ್ಟೆ ಎತ್ತರದಲ್ಲಿಡಿ, ಅವರ ಕಣ್ಣಿನ ಮಟ್ಟಕ್ಕೆ.
ಮೆಟ್ಟಿಲು ಹತ್ತುವಾಗ ನೀವು ಹಿಂದೆ ನಿಲ್ಲಿ,
ಮುಂದೆ ಅಲ್ಲ.