ಮತ್ತೇನು ತಗೋತೀರಿ

ಕಿನ್ನಾಳದ ಗೊಂಬೆಗೆ ಕಣ್ಣು ಕೊನೆಗೆ.
ಮರ ಕೆತ್ತಿ, ಹುಣಸೆಬೀಜದ ಅಂಟು ಬಳಿದು,
ಹರಳುಪುಡಿ ಮೆತ್ತಿ, ಒಣಗಿಸಿ, ಉಜ್ಜಿ,
ಸೀರೆಯಂಚು ಮೂಗುತಿ ಎಲ್ಲ ಮುಗಿದ ಮೇಲೆ
ಅಳಿಲಕೂದಲಿನ ಕುಂಚದ ತುದಿಯಿಂದ
ಉಸಿರು ಹಿಡಿದು ಎರಡು ಕಪ್ಪು ಚುಕ್ಕಿ.
ಕಸ್ತೂರೆವ್ವ ಚಿತ್ರಗಾರ ಇಪ್ಪತ್ತಾರು ವರ್ಷ
ಹಾಗೆ ಉಸಿರು ಹಿಡಿದಿದ್ದಾಳೆ.

ಫಿಟ್ಸ್ ಅವಳಿಗೆ ಹದಿನಾಲ್ಕರಿಂದ.
ರಾತ್ರಿಗೆ ಮೂರು ಗುಳಿಗೆ, ತಿಂಗಳಿಗೆ ತೊಂಬತ್ತು,
ನನ್ನ ಕಿಟಕಿಯಿಂದಲೇ, ಹಳೇ ಕ್ಯಾಲೆಂಡರಿನ ಪೊಟ್ಟಣದಲ್ಲಿ.
ಹನ್ನೊಂದು ವರ್ಷ, ಒಂದು ಸಲವೂ ಬಿದ್ದಿಲ್ಲ.

ಮಾಘದಲ್ಲಿ ಮೈದುನನ ಕಫದಲ್ಲಿ ಟಿಬಿ ಸಿಕ್ಕಿತು.
ಒಂದೇ ಮನೆ, ಒಂದೇ ಗಾಳಿ. ಮನೆಮಂದಿಗೆಲ್ಲ
ಮುಂಜಾಗ್ರತೆಯ ಗುಳಿಗೆ, ದಿನಕ್ಕೊಂದು, ಆರು ತಿಂಗಳು.
ಅದೂ ಹೊರಟಿದ್ದು ನನ್ನ ಕಪಾಟಿನಿಂದಲೇ,
ಬೇರೆ ರಿಜಿಸ್ಟರು, ಬೇರೆ ಸಹಿ.
ರಿಜಿಸ್ಟರುಗಳು ಒಂದರ ಮೇಲೊಂದು ಮಲಗಿದ್ದವು,
ಮಾತಾಡಲಿಲ್ಲ.

ಐದನೇ ವಾರ ಅವಳ ಗೌರಿ ಮೆಳ್ಳಗಣ್ಣಾದಳು:
ಒಂದು ಕಣ್ಣು ಕೊಪ್ಪಳದ ಕಡೆ, ಒಂದು ಗಂಗಾವತಿ ಕಡೆ.
ನಡೆದರೆ ಓಣಿ ವಾಲುತ್ತದೆ. ನಾಲಿಗೆ
ಬಾಯಲ್ಲಿ ಒದ್ದೆ ಅರಿವೆ.
ಅಂಗಡಿಕಟ್ಟೆ ಅಂದಿತು, 'ಕುಡೀತಾಳ.'
ಅತ್ತೆ ಅಂದಳು, 'ಗಾಳಿ ಸೋಕೈತಿ.'
ನಾನೇನೂ ಅನ್ನಲಿಲ್ಲ. ಆ ತಿಂಗಳೂ
ತೊಂಬತ್ತು ಎಣಿಸಿ ಕೊಟ್ಟೆ.
'ನಾ ಕುಡದಿಲ್ರೀ ಅಣ್ಣಾ,' ಕೇಳದೆಯೇ ಹೇಳಿದಳು,
'ನೆಲಾನ ಕುಡದೈತಿ.'

ಡಾಕ್ಟರ್ ಶಹನಾಜ್ ಬಂದು ಎರಡು ವಾರವಾಗಿತ್ತು.
ಬೆರಳೆತ್ತಿ, 'ಇದನ್ನ ನೋಡವ್ವಾ' ಅಂದು
ಮೆಲ್ಲಗೆ ಪಕ್ಕಕ್ಕೆ ಸರಿಸಿದಳು. ಕಸ್ತೂರೆವ್ವನ ಕಣ್ಣು
ಬೆರಳ ಹಿಂದೆ ಹೋಗಿ, ಅಂಚಿನಲ್ಲಿ ಜಾರಿ,
ಎಳೆದುಕೊಂಡು, ಮತ್ತೆ ಜಾರಿ,
ಗಾಳಕ್ಕೆ ಸಿಕ್ಕ ಮೀನು.
ಶಹನಾಜ್ ನನ್ನತ್ತ ತಿರುಗಿ ಕೇಳಿದ್ದು ಒಂದೇ:
'ಇವರು ಮತ್ತೇನು ತಗೋತಾರ?'

ಓದಿದ್ದೆ. ಪರೀಕ್ಷೆಗೂ ಬಂದಿತ್ತು, ಐದು ಅಂಕ.
ನುಂಗಿದ್ದು ಕಲೇಜಿಯ ಬಾಗಿಲಿಗೆ ಬರಬೇಕು,
ಒಡೆದು, ಕಳಚಿ, ಮೂತ್ರಕ್ಕೆ ಇಳಿಯಬೇಕು.
ಮುನಿರಾಬಾದಿನ ಡ್ಯಾಮು ಕಂಡವರಿಗೆ ಹೇಳಬೇಕಿಲ್ಲ,
ತೂಬು ಬಿಡುವುದು ತೂಬಿನಷ್ಟೇ.
ಒಳಹರಿವು ಒಂದು ಬೊಗಸೆ ಮೀರಿದರೂ
ನೀರು ನಿಲ್ಲುತ್ತದೆ, ಏರುತ್ತದೆ, ಏರುತ್ತಲೇ ಇರುತ್ತದೆ.
ಫಿಟ್ಸಿನ ಗುಳಿಗೆಯದು ಮೊದಲೇ ದಂಡೆಮಟ್ಟದ ಸಂಸಾರ.
ಟಿಬಿ ಗುಳಿಗೆ ಹೋಗಿ ಅದೇ ತೂಬಿಗೆ ಅಡ್ಡ ಕೂತಿತು.
ಅತ್ತೆಯ ಮೈ ಅದನ್ನು ಸರಸರ ಅಟ್ಟಿತು,
ಕಸ್ತೂರೆವ್ವನ ಮೈ ನಿಧಾನಿ.
ನಿಧಾನ ರೋಗವಲ್ಲ. ಮೂಗಿನ ಹಾಗೆ, ಕೈಗುಣದ ಹಾಗೆ
ಅಪ್ಪ ಅವ್ವ ಇಬ್ಬರೂ ಕೊಟ್ಟದ್ದು.
ಬರೆದಿಡಲು ಚೀಟಿಯಲ್ಲಿ ಕಾಲಮ್ಮಿಲ್ಲ.

ರಕ್ತ ಹುಬ್ಬಳ್ಳಿಗೆ ಹೋಯಿತು, ಐಸಿನ ಡಬ್ಬಿಯಲ್ಲಿ, ಬಸ್ಸಿನಲ್ಲಿ.
ಇಪ್ಪತ್ತರೊಳಗೆ ಇರಬೇಕಾದದ್ದು ಮೂವತ್ನಾಲ್ಕು.
ಕಾಗದ ಬರುವಷ್ಟರಲ್ಲಿ ಶಹನಾಜ್ ಕೆಲವು ದಿನ ನಿಲ್ಲಿಸಿ
ಮೂರನ್ನು ಎರಡು ಮಾಡಿಯಾಗಿತ್ತು.
ನೆಲ ಮೆಲ್ಲಗೆ ನೆಟ್ಟಗಾಯಿತು.
ಕುಡೀತಾಳ ಅಂದವರು ವಾಪಸು ತಗೊಳ್ಳಲಿಲ್ಲ.
ಮಾತಿಗೆ ಕಲೇಜಿ ಇಲ್ಲ.

ಶ್ರಾವಣಕ್ಕೆ ಆರು ತಿಂಗಳು ಮುಗಿಯುತ್ತದೆ.
ಟಿಬಿ ಗುಳಿಗೆ ನಿಂತರೆ ತೂಬು ತೆರೆಯುತ್ತದೆ,
ಮಟ್ಟ ಇಳಿಯುತ್ತದೆ, ಎರಡು ಸಾಲದು.
ಇಷ್ಟು ವರ್ಷದ ಮೇಲೆ
ಒಲೆಯ ಮುಂದೆ ಬಿದ್ದರೆ?
ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪಗೆ ಬರೆದಿದ್ದೇನೆ:
'ಕಸ್ತೂರೆವ್ವ. ಮತ್ತೆ ಮೂರು? ಡಾಕ್ಟರನ್ನ ಕೇಳು.'
ಆ ಹಾಳೆ ಹರಿದು ಯಾರಿಗೂ ಪೊಟ್ಟಣ ಕಟ್ಟಬಾರದು.

ಮೆಳ್ಳಗಣ್ಣಿನ ಗೌರಿಯನ್ನು ಒಲೆಗೆ ಹಾಕಲಿದ್ದಳು, ಇಸಕೊಂಡೆ.
ಗುಳಿಗೆ ಎಣಿಸುವ ತಟ್ಟೆಯ ಪಕ್ಕ ನಿಂತಿದ್ದಾಳೆ,
ಒಂದು ಕಣ್ಣು ಈ ರಿಜಿಸ್ಟರಿನ ಮೇಲೆ, ಒಂದು ಆ ರಿಜಿಸ್ಟರಿನ ಮೇಲೆ.

ಈಗ ಎಲ್ಲರನ್ನೂ ಕೇಳುತ್ತೇನೆ. ಸಾಲು ಗೊಣಗುತ್ತದೆ.
'ಮತ್ತೇನು ತಗೋತೀರಿ?'
'ಚಾ ತಗೋತೀನಿ,' ಅನ್ನುತ್ತಾನೆ ಇವತ್ತಿನ ಮುದುಕ, 'ಗುಳಿಗಿ ಕೊಡು.'
ಕೊಡದೆ ಕಾಯುತ್ತೇನೆ.
ಕೊನೆಗೆ ಚಂಚಿ ಬಿಚ್ಚುತ್ತಾನೆ:
ಎಲೆ, ಅಡಕಿ, ಸುಣ್ಣದ ಡಬ್ಬಿ,
ಅವುಗಳಡಿಗೆ ಹೆಸರಿಲ್ಲದ
ನಾಲ್ಕು ಬಿಳಿ ಗುಳಿಗೆ.