ಬೆಂಚಿನ ಬಾಡಿಗೆ

ವಾದಿ ಕಬೀರಿನಿಂದ ರೂವಿಗೆ ಹೋಗುವ ವ್ಯಾನು,
ನಮ್ಮ ಮಂಕಿ, ಹೊನ್ನಾವರ ಟೆಂಪೋದ ಖಾಸಾ ತಮ್ಮ:
ಬೋರ್ಡಿಲ್ಲ, ಹೊತ್ತಿಲ್ಲ, ನಿಲ್ದಾಣವಿಲ್ಲ.
ಕೈ ಚಾಚಿದರೆ ನಿಲ್ಲುತ್ತದೆ,
ಒಳಗಿನಿಂದ ಉಂಗುರದ ಬೆರಳು ಗಾಜಿಗೆ ಬಡಿದರೆ
ಮತ್ತೆ ನಿಲ್ಲುತ್ತದೆ.
ಉಂಗುರವಿಲ್ಲದ ನಾನು
ಹೊಲಿಗೆಯ ಬೆರಳುಟೋಪಿಯಿಂದ ಬಡಿಯುತ್ತೇನೆ.

ಖಲ್ಫಾನನಿಗೆ ನಮ್ಮ ಹೆಸರು ಬೇಡ, ಇಳಿಯುವ ಜಾಗ ಸಾಕು.
ಶೋಶಾಮ್ಮ ಅವನಿಗೆ ‘ಕಣ್ಣಾಸ್ಪತ್ರೆ’,
ಮರಿವಿಕ್ ‘ಬೇಕರಿ ಹಿಂದೆ’,
ನಾನು, ಇಪ್ಪತ್ತೆರಡು ವರ್ಷದಿಂದ, ‘ಕತ್ತರಿ’.

ಆಗಸ್ಟಿನ ಒಂದು ಮಧ್ಯಾಹ್ನ
ಬೆಕ್ಕಿನ ಮೂಲೆಯಲ್ಲಿ ಕಾಯುತ್ತಿದ್ದ ಬೀ ಝುವೇನಾ
ನಿಂತಲ್ಲೇ ಕುಸಿದಳು.
ಶಾಹಾಬುದ್ದೀನ ರಟ್ಟಿನ ಪೆಟ್ಟಿಗೆ ಹರಿದು ನೆರಳು ಹಿಡಿದ.
ಕಣ್ಣು ಬಿಟ್ಟ ಮುದುಕಿ ಕೇಳಿದ್ದು ಒಂದೇ:
ವ್ಯಾನು ಹೋಯಿತಾ?

ಅದೇ ವಾರ ಬಲದಿಯಾದಿಂದ ಒಬ್ಬ ಹುಡುಗಿ ಬಂದಳು.
ನೀವೆಲ್ಲ ಎಲ್ಲೆಲ್ಲಿ ಹತ್ತುತ್ತೀರಿ?
ಪ್ರಶ್ನೆ ಕೇಳಿದ್ದೇ ತಡ
ಎಲ್ಲರ ಕೈಯೂ ಬತಾಕಾ ಹುಡುಕಿ ಜೇಬಿಗೆ ಹೋಯಿತು.
ಅದು ಬೇಡ, ಅಂದಳು, ಜಾಗ ಹೇಳಿ.

ಅವಳ ಟ್ಯಾಬಿನ ನಕ್ಷೆಯಲ್ಲಿ ನಮ್ಮ ಜಾಗಗಳಿರಲಿಲ್ಲ.
ಶುಕ್ರವಾರ, ಅಂಗಡಿ ಬಾಗಿಲು ಅರ್ಧ ಎಳೆದು,
ಕಟಿಂಗ್ ಮೇಜಿಗೆ ಖಾಕಿ ಕಾಗದ ಹಾಸಿದೆ.
ನೀಲಿ ಸೀಮೆಸುಣ್ಣದ ಒಂದು ಗೆರೆ, ಅದೇ ರಸ್ತೆ.
ಹತ್ತುವಲ್ಲಿ ಒಂದೊಂದು ಗುಂಡಿ ಇಡಿ ಎಂದು
ಡಬ್ಬಿ ಸುರಿದೆ.
ಈರುಳ್ಳಿ ಗೋದಾಮಿಗೆ ಕೋಟಿನ ಗುಂಡಿ,
ಮುಚ್ಚಿದ ಲಾಂಡ್ರಿಗೆ ದಿಶ್ದಾಶೆಯ ಮುತ್ತು,
ಬೆಕ್ಕಿನ ಮೂಲೆಯಲ್ಲಂತೂ
ಗುಂಡಿಯ ಮೇಲೆ ಗುಂಡಿ ಕೂತು ಜಾರಿದವು.

ಜಗಳವಿಲ್ಲದೆ ಆಗಲಿಲ್ಲ.
ನಿಲ್ದಾಣವೆಂದು ಗೆರೆ ಕೊರೆದರೆ
ಮುದುಕಿಯನ್ನು ಬಾಗಿಲ ತನಕ ಬಿಡುವವರು ಯಾರು?
ಖಲ್ಫಾನ್ ಮೇಜು ಗುದ್ದಿದ.
ಅರ್ಧ ಮಸ್ಕತ್ತು ಹಾರಿ ಮೇಜಿನಡಿ ಉರುಳಿತು.
ಹೆಕ್ಕುತ್ತ ಹೆಕ್ಕುತ್ತ ಮರಿವಿಕ್ ಅಂದಳು:
ರಾತ್ರಿ ಪಾಳಿಯಲ್ಲಿ ಮುಂದಿನ ಸೀಟು ಹೆಂಗಸರಿಗೆ. ಬರೆಯಿರಿ.
ಬರೆದೆ.
ಯಾಕೆಂದು ಒಬ್ಬ ಗಂಡಸೂ ಕೇಳಲಿಲ್ಲ,
ಗೊತ್ತಿತ್ತು.

ನನ್ನದು ಕಸುಬಿನ ಮಾತು:
ಅಳತೆಗೆ ಸರಿಯಾಗಿ ಕತ್ತರಿಸಿದ ಬಟ್ಟೆ
ಹೊಲಿಗೆಗೆ ಸಿಗುವುದಿಲ್ಲ.
ಗೆರೆಯ ಆಚೀಚೆ ಎರಡೆರಡು ಬೆರಳು ಬಿಟ್ಟೆ.
ಅದು ಮುದುಕಿಯ ಬಾಗಿಲು.
ಖಲ್ಫಾನ್ ಬೆರಳಿಟ್ಟು ಅಳೆದು ನೋಡಿ
ಸುಮ್ಮನಾದ.

ಚಳಿಗೆ ಬಂತು ಒಂದು ತಗಡಿನ ಚಪ್ಪರ, ಅಡಿಗೊಂದು ಬೆಂಚು.
ನಮ್ಮ ಗುಂಡಿಗಳಿಂದ ನಲವತ್ತು ಹೆಜ್ಜೆ ಆಚೆ,
ಯಾರೂ ಹತ್ತದ ಕಡೆ.
ಬೆಕ್ಕುಗಳು ಹೋಗಿ ಮಲಗಿದವು.
ಹುಡುಗಿಗೆ ಫೋನು ಮಾಡಿದೆವು:
ಮೇಲಿನವರಿಗೆ ಬರೆಯುತ್ತೇನೆ, ಅಂದಳು,
ದನಿ ಸಣ್ಣದಾಗಿತ್ತು.

ಚಪ್ಪರ ನೆಲ ಕಚ್ಚಿತ್ತು. ಬೆಂಚು ಕಚ್ಚಿರಲಿಲ್ಲ.
ನಿನ್ನೆ ರಾತ್ರಿ ನಾಲ್ವರು ಎತ್ತಿ
ವ್ಯಾನಿನ ತಲೆಗೆ ಬಿಗಿದೆವು.
ನಲವತ್ತು ಹೆಜ್ಜೆಯ ಪ್ರಯಾಣಕ್ಕೆ
ಬೀ ಝುವೇನಾ ಮುಂದಿನ ಸೀಟಿನಲ್ಲಿ ಕೂತು
ದಾರಿ ತೋರಿಸಿದಳು.
ಇಳಿಸಿದ ಮೇಲೆ ಖಲ್ಫಾನ್ ಕೈ ಚಾಚಿದ:
ಬೆಂಚಿನ ಬಾಡಿಗೆ, ಇನ್ನೂರು ಬೈಸಾ.
ಮುದುಕಿ ಕೊಟ್ಟಳು,
ಕೊಟ್ಟು ನೂರು ವಾಪಸು ಕೇಳಿದಳು.

ತಗಡು ಇನ್ನೂ ಅಲ್ಲೇ ಇದೆ.
ಆಗಸ್ಟಿಗೆ ಏಳು ತಿಂಗಳು.