ಭುಜದ ಮೇಲಿನ ಕೈ

ಹಟ್ಟಿ ಕ್ಯಾಂಪಿನ ಗೇಟಿನೆದುರು ಗಫಾರ್ ಸಾಬರ ಸ್ಟುಡಿಯೋ.
ಮೊದಲ ವಾರ ಅವರು ನನಗೆ ಕ್ಯಾಮೆರಾ ಮುಟ್ಟಗೊಡಲಿಲ್ಲ.
ಬಾಗಿಲಾಚೆ ನಿಲ್ಲಿಸಿ ಕೇಳಿದರು:
"ಬಿಸಿಲಾಗ ಕಣ್ಣು ಏನ್ ಮಾಡ್ತಾವ?"
ಕಿರಿದಾಗ್ತಾವ, ಅಂದೆ.
"ಒಳಗ ಬಂದ್ರ?"
ತುಸು ಹೊತ್ತು ಏನೂ ಕಾಣಂಗಿಲ್ಲ, ಆಮ್ಯಾಲ ಹಿಗ್ಗತಾವ.
"ಅಷ್ಟ. ಉಳಿದದ್ದೆಲ್ಲ ಬರೇ ನಂಬರು."

ನಂಬರು ಮಾತ್ರ ಉಲ್ಟಾ:
ಎಫ್ ಹದಿನಾರು ಅಂದರೆ ಸೂಜಿಯ ಕಣ್ಣು,
ಎಫ್ ಎರಡು ಅಂದರೆ ತೆರೆದ ಬಾವಿ.
ಗುಂಡಿ ಅರ್ಧ ಒತ್ತಬೇಕು,
ಹಸಿರು ಚೌಕ ಕಣ್ಣ ಮೇಲೆ ಬಂದು ಕೂರಬೇಕು,
ಉಸಿರು ಹಿಡಿದು ಉಳಿದರ್ಧ.
ನಾನು ಒಂದೇ ಸಲಕ್ಕೆ ಒತ್ತಿಬಿಡುತ್ತಿದ್ದೆ.
ನನ್ನ ಮೊದಲ ನೂರು ಫೋಟೋಗಳಲ್ಲಿ
ಹಿಂದಿನ ಪರದೆಯ ಸುಕ್ಕು ಸ್ಪಷ್ಟ, ಮುಖ ಮಸುಕು.

ಕಂಪ್ಯೂಟರಿನ ಪಾಠಕ್ಕೆ ಒಂದೇ ಮಾತು:
"ಮೂಲ ಮುಟ್ಟಬ್ಯಾಡ. ನಕಲು ಮಾಡು, ನಕಲಿನ ಮ್ಯಾಲ ಕೈ ಇಡು."
ಕಂಟ್ರೋಲ್ ಝಡ್ ಒತ್ತಿದರೆ
ಮಾಡಿದ್ದು ಮಾಡದಂತಾಗುತ್ತದೆ ಎಂದು ತಿಳಿದ ದಿನ
ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚು ಬಿತ್ತು;
ಎಡಗೈಯ ಎರಡು ಬೆರಳು ತಾವಾಗಿಯೇ ಅಲುಗಿದವು.

ದುರುಗಮ್ಮ ಬಂದದ್ದು ಹುಣ್ಣಿಮೆಯ ಮರುದಿನ.
ಫೋನಿನಲ್ಲಿ ಒಂದು ಚಿತ್ರ:
ಮೊದಲ ಶಿಫ್ಟು ಮುಗಿಸಿ ಮೇಲೆ ಬಂದ ಏಳು ಜನ,
ಬೆನ್ನ ಹಿಂದೆ ಮೂರರ ಬಿಸಿಲು, ಏಳೂ ಮುಖ ಇದ್ದಿಲು.
ಎಡದಿಂದ ಮೂರನೆಯವನು ಆದೆಪ್ಪ.
"ನನ್ನ ತಮ್ಮ. ಇದೊಂದರಾಗ ನಕ್ಕಾನ್ರಿ.
ಇವನ್ನೊಬ್ಬನ್ನ ತಗದು, ಹಿಂದ ನೀಲಿ ಮಾಡಿ ಕೊಡ್ರಿ."
ಕೋಟು ಹಾಕೋದೇನು, ಸಾಬರು ಕೇಳಿದರು.
"ಬ್ಯಾಡ್ರಿ. ಅವಗ ಮೊದಲ ಸೆಕಿ ತಡಿಯಂಗಿಲ್ಲ."

ನೆರಳಿನ ಪಟ್ಟಿ ಬಲಕ್ಕೆ ಎಳೆದೆ.
ಮೂವತ್ತಕ್ಕೆ ಹಲ್ಲು ಕಂಡವು.
ಐವತ್ತಕ್ಕೆ ಕೆನ್ನೆಯ ಹಳೆ ಗಾಯ.
ಎಂಬತ್ತಕ್ಕೆ ಕತ್ತಲೊಳಗಿಂದ ಕೆಂಪು ಹಸಿರು ನುಚ್ಚು ಎದ್ದು
ಮುಖದ ತುಂಬ ಕಲ್ಲುಪುಡಿ.
"ಸಾಕು, ಹಿಂದಕ್ಕ ಬಾ.
ಇಲ್ಲದ ಬೆಳಕು ಅಗದ್ರ ಸಿಗಂಗಿಲ್ಲ."
ಐವತ್ತೈದಕ್ಕೆ ನಿಲ್ಲಿಸಿದೆ.

ಕತ್ತರಿಸಿದೆ. ಕಿವಿಯ ಸುತ್ತ ನಿಧಾನ, ಕೂದಲ ಅಂಚು ಮೆತ್ತಗೆ.
ಆರು ಜನ ಹೋದರು.
ಉಳಿದದ್ದು ಆದೆಪ್ಪ,
ಮತ್ತವನ ಬಲಭುಜದ ಮೇಲೆ ಯಾರದೋ ನಾಲ್ಕು ಬೆರಳು.
ಕಿರುಬೆರಳು ಮೊದಲ ಗೆಣ್ಣಿಗೇ ಮುಗಿದಿತ್ತು.

ಪಕ್ಕದ ಬಟ್ಟೆ ಎತ್ತಿ ಬೆರಳ ಮೇಲೆ ಹರಡಬೇಕು.
ಚೌಕುಳಿ ಅಂಗಿ. ಗೆರೆಗೆ ಗೆರೆ ಕೂಡಲೊಲ್ಲದು.
ಟೇಲರ್ ಗತೆ ಮಾಡು, ಅಂದರು ಸಾಬರು, ಅಂಗಿ ಹೊಲದಂಗ.
ಮಧ್ಯಾಹ್ನದಿಂದ ದೀಪ ಹಚ್ಚುವವರೆಗೆ
ಒಂದೊಂದೇ ಬೆರಳು ಅಳಿಸಿದೆ.
ಬೆರಳು ಹೋದವು,
ಅವು ಒತ್ತಿದ ತಗ್ಗು ಹೋಗಲಿಲ್ಲ.
ಭುಜವೂ ಅತ್ತಲೇ ವಾಲಿತ್ತು.
ಮೂರು ಡಿಗ್ರಿ ತಿರುಗಿಸಿ ನೆಟ್ಟಗೆ ಮಾಡಿದೆ;
ನಗು ಸೊಟ್ಟಗಾಯಿತು.
ಕಂಟ್ರೋಲ್ ಝಡ್.
ದುರುಗಮ್ಮ ವಾಲಿದವನನ್ನೇ ಸೆರಗಿನಲ್ಲಿ ಸುತ್ತಿಕೊಂಡು ಹೋದಳು.

ಎಂಟು ದಿನಕ್ಕೆ ಒಬ್ಬರು ಬಂದರು,
ಬ್ಯಾಂಕಿಗೆ ಪಾಸ್‌ಪೋರ್ಟ್ ಸೈಜು, ಎಂಟು ಪ್ರತಿ.
ರಸೀದಿಯಲ್ಲಿ ಅಂಬ್ರೇಶ ಎಂದು ಬರೆದೆ.
ಸ್ಟೂಲಿನ ಮೇಲೆ ಕೂತರು.
"ಎಡಭುಜ ಮ್ಯಾಲ ಐತ್ರಿ, ಇಳಸ್ರಿ."
ಇಳಿಸಿದರು.
ನಾನು ಅರ್ಧ ಒತ್ತುವಷ್ಟರಲ್ಲಿ ಮತ್ತೆ ಏರಿತು.
ಮೂರು ಸಲ.
ಆಮೇಲೆ ನೋಡಿದೆ, ಮೊಣಕಾಲ ಮೇಲೆ ಎಡಗೈ,
ಮೊದಲ ಗೆಣ್ಣಿಗೇ ಮುಗಿದ ಕಿರುಬೆರಳು.

"ತಗಿ ತಗಿ, ಕರೆಂಟು ಹೊಕ್ಕೈತಿ," ಒಳಗಿಂದ ಸಾಬರು.
ಹಸಿರು ಚೌಕ ಕಣ್ಣ ಮೇಲೆ ಕೂತಿತು.
ಉಳಿದರ್ಧ ಒತ್ತಿದೆ.

ಭುಜ ಸರಿ ಮಾಡುವುದು ಎರಡು ನಿಮಿಷದ ಕೆಲಸ.
ಮಾಡಲಿಲ್ಲ.
ತುಸು ಬೆಳಕು ಏರಿಸಿ, ಎದೆಗೇ ಕತ್ತರಿಸಿದೆ;
ಆ ಅಳತೆಯೊಳಗೆ ಕೈ ಬರುವುದಿಲ್ಲ.

ಎಂಟನ್ನೂ ಅಂಗೈಯಲ್ಲಿ ಹರಡಿ ಅವರು ಬಹಳ ಹೊತ್ತು ನೋಡಿದರು.
ತಮ್ಮ ಮುಖವನ್ನಲ್ಲ.
"ಆದೆಪ್ಪಗ ಹಿಂದ ಹಾಕಿದ್ದೂ ಇದ ನೀಲಿ ಏನವ್ವ?"

ಹೌದ್ರಿ, ಅಂದೆ.
ನಮ್ಮಲ್ಲಿರೋದು ಒಂದ ನೀಲಿ.